ಪಿಕಪ್‌ಗೆ ಸಿಬಿ ರೇಡಿಯೋ ಹಾಕಿಸುವವರಿಗೆ

ಸಿಬಿ (ಸಿಟಿಜನ್ಸ್ ಬ್ಯಾಂಡ್) ಅಂದರೆ ಗಾಡಿಯಿಂದ ಗಾಡಿಗೆ ಮಾತಾಡಿಕೊಳ್ಳುವ ರೇಡಿಯೋ. ಸೆಟ್ ಎಷ್ಟೇ ದುಬಾರಿಯಿರಲಿ, ಆಂಟೆನಾ ಸರಿಯಿಲ್ಲದಿದ್ದರೆ ದುಡ್ಡು ದಂಡ. ಸಿಬಿ ನಡೆಯುವುದು 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ತರಂಗದ ಉದ್ದ ಸುಮಾರು 11 ಮೀಟರ್. ಅಷ್ಟುದ್ದದ ತರಂಗಕ್ಕೆ ಆಂಟೆನಾದ ಕಡ್ಡಿಯೊಂದೇ ಸಾಲದು, ಹಾಗಾಗಿ ಗಾಡಿಯ ಲೋಹದ ಮೈಯೂ ಆಂಟೆನಾದ ಅರ್ಧ ಭಾಗವಿದ್ದಂತೆ. ಕ್ಯಾಬಿನ್ ಚಾವಣಿಯ ನಡುಮಧ್ಯವೇ ಒಳ್ಳೆಯ ಜಾಗ. ಹಿಂದಿನ ತೊಟ್ಟಿಯ ಅಂಚಿಗೆ ಕೂರಿಸುವುದಾದರೆ ಕಡ್ಡಿಯ ಅರ್ಧಕ್ಕಿಂತ ಹೆಚ್ಚು ಭಾಗ ಚಾವಣಿಗಿಂತ ಮೇಲಿರಲಿ.

ಬ್ರಾಕೆಟ್ ಕೂರುವಲ್ಲಿ ಪೇಂಟ್ ಕೆರೆದು, ಹೊಳೆಯುವ ಲೋಹ ಕಂಡ ಮೇಲೆಯೇ ಬೋಲ್ಟ್ ಬಿಗಿಯಿರಿ. ತುಂಬಾ ಜನ ಬಿಟ್ಟುಬಿಡುವುದು ಇದನ್ನೇ! ಅರ್ಥಿಂಗ್ ಸಿಗದಿದ್ದರೆ ಆಮೇಲೆ ಏನು ಮಾಡಿದರೂ ಟ್ಯೂನ್ ಆಗಲ್ಲ. ಕೆರೆದ ಜಾಗಕ್ಕೆ ತುಕ್ಕು ಹಿಡಿಯದಂತೆ ಸುತ್ತ ಗ್ರೀಸ್ ಸವರಿ.

ಕರೆಂಟ್ ನೇರ ಬ್ಯಾಟರಿಯಿಂದ, ಹತ್ತಿರದಲ್ಲೇ ಫ್ಯೂಸ್ ಹಾಕಿ ಎಳೆಯಿರಿ. ಸೆಟ್‌ನಿಂದ ಆಂಟೆನಾಕ್ಕೆ ಹೋಗುವ ಕೇಬಲ್ 50 ಓಮ್‌ನದಿರಲಿ, ಬಾಗಿಲಲ್ಲಿ ಸಿಕ್ಕಿ ಜಜ್ಜಿಹೋಗಬಾರದು.

ಕೊನೆಗೆ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಶಕ್ತಿ ವಾಪಸ್ ಬರುತ್ತಿದೆ ಎಂದು ತೋರಿಸುವ ಅಳತೆ) ಮೀಟರ್ ಹಾಕಿ 1 ಮತ್ತು 40ನೇ ಚಾನೆಲ್ ನೋಡಿ. 1ರಲ್ಲಿ ಹೆಚ್ಚು ಬಂದರೆ ಕಡ್ಡಿ ಗಿಡ್ಡ, 40ರಲ್ಲಿ ಹೆಚ್ಚಾದರೆ ಉದ್ದ. 1.5ರೊಳಗೆ ಬಂದರೆ ಬಹಳ ಚೆನ್ನ, 2 ದಾಟಬಾರದು. ಬಾಗಿಲುಗಳನ್ನು ಮುಚ್ಚಿಯೇ ಅಳೆಯಿರಿ. ಆಂಟೆನಾ ಜೋಡಿಸದೆ ಮಾತ್ರ ಮೈಕ್ ಗುಂಡಿ ಒತ್ತಲೇಬೇಡಿ, ಸೆಟ್ ಸುಟ್ಟುಹೋಗಬಹುದು.