ಪೂರ್ವಗ್ರಹ ಅಡಗಿದ್ದು ರಿಯಾಯಿತಿಯಲ್ಲಿ

ಕೆಲಸಕ್ಕೆ ಜನರನ್ನು ಆರಿಸುವವರ ಪೈಕಿ ನಾನೂ ಒಬ್ಬ. ನಾನು ವರ್ಣಭೇದ ಮಾಡುವವನಲ್ಲ ಎಂದು ಹೇಳಿಕೊಳ್ಳುವುದು ಸುಲಭ. ಅದನ್ನು ಪರೀಕ್ಷಿಸಿ ನೋಡಬೇಕು ಅನ್ನಿಸಿದ್ದು ಒಂದು ಅಧ್ಯಯನದ ಬಗ್ಗೆ ಓದಿದ ಮೇಲೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅದನ್ನು 2004ರಲ್ಲಿ ಪ್ರಕಟಿಸಿದ್ದು. ಬಾಸ್ಟನ್ ಮತ್ತು ಶಿಕಾಗೋ ಪತ್ರಿಕೆಗಳ ಉದ್ಯೋಗ ಜಾಹೀರಾತುಗಳಿಗೆ ಅವರು ಸುಮಾರು 5,000 ಕಲ್ಪಿತ ರೆಸ್ಯೂಮೆ ಕಳಿಸಿದರು. ಎಮಿಲಿ, ಗ್ರೆಗ್ ಥರದ ಬಿಳಿಯರ ಹೆಸರಿದ್ದರೆ ಸುಮಾರು 10 ರೆಸ್ಯೂಮೆಗೆ ಒಂದು ಕರೆ ಬಂತು. ಲಕೀಶಾ, ಜಮಾಲ್ ಥರದ ಕಪ್ಪು ಜನರ ಹೆಸರಿದ್ದರೆ ಸುಮಾರು 15ಕ್ಕೆ ಒಂದು. ಕರೆ ಮಾಡದೇ ಬಿಟ್ಟವರಲ್ಲಿ ಎಷ್ಟು ಜನ ಇದನ್ನು ತಾರತಮ್ಯ ಎಂದು ಒಪ್ಪುತ್ತಿದ್ದರು? ನನಗಂತೂ ಅನುಮಾನ.

ಮೊದಲು, ಮನಸ್ಸಿನಲ್ಲಿ ಅಡಗಿದ ಪೂರ್ವಗ್ರಹವನ್ನು ಹುಡುಕುವ ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್ ಮಾಡಿ ನೋಡಿದೆ. 1998ರಿಂದ ಇರುವ ಪರೀಕ್ಷೆ ಇದು. ಬಿಳಿಯರ, ಕಪ್ಪು ಜನರ ಮುಖಗಳನ್ನೂ ಒಳ್ಳೆಯ-ಕೆಟ್ಟ ಪದಗಳನ್ನೂ ಎರಡು ಕೀಗಳಿಗೆ ಬೇಗ ಬೇಗ ಹಂಚಬೇಕು. ಯಾವ ಜೋಡಿಗೆ ಕೈ ತಡವರಿಸುತ್ತದೆ ಎಂದು ಅದು ಅಳೆಯುತ್ತದೆ. ಆದರೆ ಅದೇ ವ್ಯಕ್ತಿ ಮತ್ತೊಮ್ಮೆ ಮಾಡಿದರೆ ಅಂಕ ಸಾಕಷ್ಟು ಏರುಪೇರಾಗಬಹುದು. ಕುತೂಹಲಕ್ಕೆ ಸರಿ, ನನ್ನ ಬಗ್ಗೆ ತೀರ್ಪು ಕೊಡಲು ಸಾಲದು.

ನಿಜಕ್ಕೂ ಉಪಯೋಗಕ್ಕೆ ಬಂದದ್ದು ಒಂದು ನೋಟ್‌ಬುಕ್. ಸಂದರ್ಶನ ಮುಗಿದ ಕೂಡಲೇ ಮನಸ್ಸಿಗೆ ಬಂದದ್ದನ್ನು ತಿದ್ದದೆ ಬರೆದಿಡುತ್ತಿದ್ದೆ. ಒಂದಷ್ಟು ಪುಟ ತುಂಬಿದ ಮೇಲೆ ಒಟ್ಟಿಗೆ ಓದಿದೆ. ಯಾರ ಬಗ್ಗೆಯೂ ಕೆಟ್ಟ ಮಾತಿರಲಿಲ್ಲ. ವ್ಯತ್ಯಾಸ ಇದ್ದದ್ದು ರಿಯಾಯಿತಿಯಲ್ಲಿ. ನನ್ನಂಥ ಹಿನ್ನೆಲೆಯವರು ತಡವರಿಸಿದರೆ ‘ಪಾಪ, ಟೆನ್ಷನ್ ಆಗಿದೆ’ ಎಂದು ಬರೆದಿದ್ದೆ. ಬೇರೆ ಜನಾಂಗದವರು ತಡವರಿಸಿದರೆ ‘ವಿಷಯ ಗಟ್ಟಿಯಿಲ್ಲ’. ‘ತಂಡಕ್ಕೆ ಹೊಂದುತ್ತಾರಾ?’ ಎಂಬ ಪ್ರಶ್ನೆ ಕೂಡ ಕೆಲವರಿಗೆ ಮಾತ್ರ ಎದ್ದಿತ್ತು. ದ್ವೇಷಕ್ಕಾಗಿ ಹುಡುಕುತ್ತಾ ಕೂತಿದ್ದರೆ ಇದು ನನಗೆ ಕಾಣಿಸುತ್ತಲೇ ಇರಲಿಲ್ಲ.

ಕಂಡ ಮೇಲೆ ‘ಇನ್ನು ಹುಷಾರಾಗಿರುತ್ತೇನೆ’ ಅಂದುಕೊಂಡರೆ ಆಗಲ್ಲ. ಸುಸ್ತಾದಾಗ, ಅವಸರದಲ್ಲಿ ಮನಸ್ಸು ಹಳೇ ದಾರಿಯನ್ನೇ ಹಿಡಿಯುತ್ತದೆ. ಹಾಗಾಗಿ ವಿಧಾನವನ್ನೇ ಬದಲಿಸಿದೆವು. ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮ. ಪ್ರತಿ ಉತ್ತರಕ್ಕೆ ಅಲ್ಲೇ ಅಂಕ, ಚರ್ಚೆ ಆಮೇಲೆ. ‘ಹೊಂದಲ್ಲ’ ಎನ್ನುವವರು ಯಾವ ಕೆಲಸಕ್ಕೆ, ಯಾಕೆ ಎಂದು ಬರೆಯಬೇಕು. ಮೊದಲ ಸುತ್ತಿನಲ್ಲಿ ಹೆಸರು ಮುಚ್ಚುತ್ತೇವೆ. ಇದರಿಂದ ಪವಾಡವೇನೂ ಆಗಲ್ಲ ಬಿಡಿ. ಓದಿದ ಶಾಲೆ, ವಿಳಾಸ, ಹವ್ಯಾಸಗಳಿಂದಲೂ ಎಷ್ಟೋ ಗೊತ್ತಾಗಿಬಿಡುತ್ತದೆ.

ತಾರತಮ್ಯ ಎದುರಿಸುವವರ ಜೊತೆಗೆ ನಿಲ್ಲುವುದು ಇನ್ನೊಂದು ಕೆಲಸ. ಮೀಟಿಂಗಿನಲ್ಲಿ ಒಬ್ಬರು ಸಹೋದ್ಯೋಗಿಯೊಬ್ಬರ ಉಚ್ಚಾರಣೆಯನ್ನು ಗೇಲಿ ಮಾಡಿದರು. ‘ಇದರಲ್ಲಿ ನಗೋದೇನಿದೆ, ಅರ್ಥ ಆಗಲಿಲ್ಲ’ ಎಂದೆ. ವಿವರಿಸಲು ಹೋಗಿ ಅವರೇ ತಡಬಡಾಯಿಸಿದರು. ಆಮೇಲೆ ಆ ಸಹೋದ್ಯೋಗಿಯನ್ನು ಪಕ್ಕಕ್ಕೆ ಕರೆದು, ನಾನು ಮಾತಾಡಿದ್ದು ಸರಿಯಾಯ್ತಾ ಎಂದು ಕೇಳಿದೆ. ‘ಸರಿಯೇ. ಆದ್ರೆ ಆಮೇಲೆ ಎಲ್ಲರೂ ನನ್ನ ಮುಖಾನೇ ನೋಡ್ತಿದ್ರು’ ಎಂದರು. ಅಂದಿನಿಂದ ‘ನನಗೆ ಈ ಮಾತು ಹಿಡಿಸಲಿಲ್ಲ’ ಎಂದು ನನ್ನ ಹೆಸರಲ್ಲೇ ಹೇಳಿ, ಚರ್ಚೆಯನ್ನು ಕೆಲಸಕ್ಕೆ ತಿರುಗಿಸುತ್ತೇನೆ. ವರ್ಣಭೇದದ ಪಾಠ ಹೇಳಿಕೊಡಿ ಎಂದು ಅವರನ್ನು ಕೇಳುವುದೂ ಇಲ್ಲ. ಓದಿಕೊಳ್ಳಲು ಬೇಕಾದಷ್ಟಿದೆ, ಅಲ್ವಾ?

ನನ್ನ ಪ್ರಕಾರ ಹೆಚ್ಚು ಮುಖ್ಯವಾದದ್ದು ಬಡ್ತಿ ನಿರ್ಧರಿಸುವ ಮೀಟಿಂಗು. ಯಾರ ಬಗ್ಗೆ ಮಾತಾಗುತ್ತದೋ ಅವರು ಅಲ್ಲಿ ಇರುವುದಿಲ್ಲ. ಅಲ್ಲಿ ಮಾತಾಡಿದರೆ ಮೆಚ್ಚುಗೆಯೂ ಸಿಗಲ್ಲ. ‘ಇವರು ಇನ್ನೂ ಸ್ವಲ್ಪ ಪಳಗಬೇಕು’ ಎಂದು ಯಾರಾದರೂ ಅಂದರೆ ನಾನು ಕೇಳುವುದು ಒಂದೇ: ಕಳೆದ ಸಲ ಬಡ್ತಿ ಕೊಟ್ಟವರಿಗೂ ಇದೇ ಅಳತೆ ಹಿಡಿದಿದ್ವಾ? ಕೆಲವು ಸಲ ‘ಹೌದು, ಹಿಡಿದಿದ್ವಿ’ ಎಂದು ದಾಖಲೆ ತೋರಿಸುತ್ತಾರೆ. ಆಗ ಮುಂದಿನ ಹೆಸರಿಗೆ ಹೋಗುತ್ತೇವೆ.