ಮಳೆಗಾಲದ ಚಾರಣಕ್ಕೆ ಶೂ ಆರಿಸುವುದು ಹೇಗೆ?

ಅಂಗಡಿಗೆ ಹೋಗುವ ಮೊದಲೇ ಒಂದು ವಿಷಯ ತೀರ್ಮಾನ ಆಗಿರಲಿ: ಯಾವ ಬೆಟ್ಟ, ಯಾವ ತಿಂಗಳು? ಬೇಸಿಗೆಯಲ್ಲಿ ಸಾವನದುರ್ಗದ ಬಂಡೆ ಹತ್ತುವ ಶೂವೇ ಬೇರೆ, ಜುಲೈನಲ್ಲಿ ಕುದುರೆಮುಖದ ಹಳ್ಳ ದಾಟುವ ಶೂವೇ ಬೇರೆ. ಒಣ ಬಂಡೆಗೆ ಮೆತ್ತನೆಯ ರಬ್ಬರ್ ಸೋಲ್ ಇದ್ದರೆ ಹಿಡಿತ ಚೆನ್ನಾಗಿ ಸಿಗುತ್ತದೆ. ಕೆಸರು ದಾರಿಗೆ ಸೋಲ್‌ನ ಹಲ್ಲುಗಳು 4-5 ಮಿ.ಮೀ. ಆಳ ಇರಬೇಕು, ನಡುವೆ ಜಾಗವೂ ಇರಬೇಕು, ಇಲ್ಲದಿದ್ದರೆ ಕೆಸರು ಮೆತ್ತಿಕೊಂಡು ಸೋಲ್ ಸಪಾಟಾಗಿಬಿಡುತ್ತದೆ. ಪಾಚಿ ಹಿಡಿದ ಒದ್ದೆ ಕಲ್ಲಿನ ಮೇಲೆ ಮಾತ್ರ ಯಾವ ಶೂವನ್ನೂ ನಂಬಬೇಡಿ.

ಮುಂದಿನದು ವಾಟರ್‌ಪ್ರೂಫ್ ಪ್ರಶ್ನೆ. ಜಾಸ್ತಿ ದುಡ್ಡು ಸುಮ್ನೆ ಹೋಗುವುದು ಇಲ್ಲೇ. ಹಿಮದಲ್ಲಿ, ಚಳಿಯಲ್ಲಿ ಗೋರ್‌-ಟೆಕ್ಸ್ ಎಂಬ, ನೀರು ತಡೆಯುವ ಪದರದ ಶೂ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ನಮ್ಮ ಪಶ್ಚಿಮ ಘಟ್ಟದ ಮಳೆಯಲ್ಲಿ ನೀರು ಬಟ್ಟೆ ತೂರಿ ಬರುವುದಕ್ಕಿಂತ ಮೇಲಿನಿಂದ, ಕಾಲಿನಗುಂಟ ಇಳಿದು ಬರುತ್ತದೆ, ಮೊಣಕಾಲುದ್ದದ ಹಳ್ಳಕ್ಕೆ ಇಳಿದ ಮೇಲಂತೂ ಹೇಳುವುದೇ ಬೇಡ. ಒಳಗೆ ಬಂದ ನೀರು ಹೊರಗೆ ಹೋಗದೆ ಶೂ ಬಕೆಟ್ ಆಗುತ್ತದೆ. ಮೆಶ್ (ಜಾಲರಿಯಂಥ) ಬಟ್ಟೆಯ ಶೂ ಬೇಗ ಒದ್ದೆಯಾಗುತ್ತದೆ ನಿಜ, ಆದರೆ ನಡೆಯುತ್ತಾ ನಡೆಯುತ್ತಾ ನೀರು ಬಸಿದುಹೋಗುತ್ತದೆ. ಮಲೆನಾಡಿನ ಮಳೆಗಾಲಕ್ಕೆ ನನ್ನ ಓಟು ಮೆಶ್‌ಗೇ.

ಈಗ ಅಳತೆ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಓಡಾಡಿದ ಕಾಲು ಆಗ ಸ್ವಲ್ಪ ಊದಿರುತ್ತದೆ, ಚಾರಣದಲ್ಲೂ ಹಾಗೇ ಆಗುತ್ತದಲ್ವಾ? ಬೆಟ್ಟಕ್ಕೆ ಹಾಕುವ ಸಾಕ್ಸನ್ನೇ ಒಯ್ಯಿರಿ. ಎರಡೂ ಕಾಲಿಗೆ ಹಾಕಿ ನೋಡಿ, ದೊಡ್ಡ ಕಾಲಿನ ಅಳತೆಗೆ ತಗೊಳ್ಳಿ. ಲೇಸ್ ಬಿಗಿದು ನಿಂತಾಗ ಉದ್ದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಬೇಕು, ಹಿಮ್ಮಡಿ ಮಾತ್ರ ಎತ್ತಿದರೂ ಜಾರಬಾರದು. ಆಮೇಲೆ ಅಂಗಡಿಯ ಮೆಟ್ಟಿಲನ್ನೋ ಪಾರ್ಕಿಂಗ್ ಇಳಿಜಾರನ್ನೋ ಹುಡುಕಿ ಇಳಿದು ನೋಡಿ. ಬೆರಳು ಮುಂದಕ್ಕೆ ತಾಗಿದರೆ ಆ ಶೂ ಬೇಡ, ರಿಯಾಯಿತಿ ಎಷ್ಟೇ ಇರಲಿ. 1712 ಮೀಟರ್ ಎತ್ತರದ ಕುಮಾರ ಪರ್ವತ ಹತ್ತಿ ಕುಕ್ಕೆಯ ಕಡೆಗೆ ಇಳಿಯುವಾಗ ಗಂಟೆಗಟ್ಟಲೆ ಇಳಿಜಾರೇ ಇಳಿಜಾರು. ಶೂ ಬಿಗಿಯಾಗಿದ್ದರೆ ಹೆಬ್ಬೆರಳಿನ ಉಗುರು ಕಪ್ಪಾಗುವುದು ಆ ಹೊತ್ತಿನಲ್ಲೇ. ಹೊರಡುವ ಮುಂಚೆ ಉಗುರು ಕತ್ತರಿಸಿಕೊಳ್ಳುವುದನ್ನೂ ಮರೆಯಬೇಡಿ.

ಕಾಲಿನ ಗಂಟು ಮುಚ್ಚುವ ಎತ್ತರದ ಶೂ ಬೇಕೇ? ಬೆನ್ನ ಮೇಲೆ ಟೆಂಟು, ಭಾರದ ಬ್ಯಾಗು ಇದ್ದರೆ ಇರಲಿ. ಒಂದು ದಿನದ ನಡಿಗೆಗೆ ಗಿಡ್ಡ ಶೂ ಸಾಕು, ಹಗುರವಾಗಿಯೂ ಇರುತ್ತದೆ.

ಸಾಕ್ಸ್ ಹತ್ತಿಯದು ಬೇಡ. ಒದ್ದೆಯಾದರೆ ಬೇಗ ಒಣಗದೆ ಚರ್ಮ ಉಜ್ಜಿ ಬೊಕ್ಕೆ ಬರಿಸುತ್ತದೆ. ಉಣ್ಣೆಯದೋ ಸಿಂಥೆಟಿಕ್‌ನದೋ ಆಗಲಿ. ಇನ್ನು ಇಂಬಳ, ಅದಕ್ಕೆ ಎಷ್ಟು ದುಬಾರಿ ಶೂ ಆದರೂ ಲೆಕ್ಕಕ್ಕಿಲ್ಲ. ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲವರೆಗೆ ಬರುವ ಲೀಚ್ ಸಾಕ್ಸನ್ನು ಪ್ಯಾಂಟಿನ ಮೇಲೆಳೆದು ಕಟ್ಟಿಕೊಳ್ಳಿ.

ಹೊಸ ಶೂವನ್ನು ನೇರವಾಗಿ ಬೆಟ್ಟಕ್ಕೆ ಒಯ್ಯಬೇಡಿ, ಮೊದಲು ಕೆಲವು ದಿನ ಊರಲ್ಲೇ ಹಾಕಿ ಓಡಾಡಿ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಹಳೇ ಶೂ ಇನ್ನೂ ಅಪಾಯ. ನೋಡಲು ಗಟ್ಟಿಯಾಗಿಯೇ ಕಂಡರೂ ಗಾಳಿಯ ತೇವಕ್ಕೆ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಸೋಲ್ ಒಳಗೊಳಗೇ ಹಾಳಾಗಿ, ಅರ್ಧ ದಾರಿಯಲ್ಲಿ ಕಿತ್ತುಬರಬಹುದು. ಕೈಯಲ್ಲಿ ಬಗ್ಗಿಸಿ, ಅಂಚು ಎಳೆದು ನೋಡಿ. ಬ್ಯಾಗಿನಲ್ಲಿ ಒಂದು ಜೊತೆ ಉದ್ದನೆಯ ಲೇಸ್ ಇರಲಿ, ಸೋಲ್ ಬಾಯಿ ಬಿಟ್ಟರೆ ಸುತ್ತಿ ಕಟ್ಟಿಕೊಂಡು ಕೆಳಗಿಳಿಯಬಹುದು.