ಚಿಕ್ಕ ಫ್ಲ್ಯಾಟಿನಲ್ಲಿ ಜಿಮ್: ಒಂದು ಮ್ಯಾಟ್ ಹಾಸುವಷ್ಟು ಜಾಗ ಸಾಕು

ಮನೆಯಲ್ಲೇ ಜಿಮ್ ಮಾಡಿಕೊಳ್ಳೋಣ ಅಂದುಕೊಂಡವರು ಮೊದಲು ಹುಡುಕುವುದೇ ಸಾಮಾನನ್ನು. ಟ್ರೆಡ್‌ಮಿಲ್ ನೋಡುತ್ತಾರೆ, ಬೆಂಚ್ ನೋಡುತ್ತಾರೆ, ಇಡೋಕೆ ಜಾಗ ಇಲ್ಲ ಅಂತ ಕೈಬಿಡುತ್ತಾರೆ. ಚಿಕ್ಕ ಮನೆಯಲ್ಲಿ ಮೊದಲು ಜಾಗ ನೋಡಬೇಕು, ಆಮೇಲೆ ವ್ಯಾಯಾಮ ಗೊತ್ತುಮಾಡಬೇಕು, ಸಾಮಾನು ಕೊನೆಗೆ. ಪ್ರತಿ ಹಂತದಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಒಂದು ನಿಮಿಷದಲ್ಲಿ ಹೊರಗೆ ತೆಗೆದು, ಮುಗಿದ ಮೇಲೆ ಅಷ್ಟೇ ಬೇಗ ಎತ್ತಿಡೋಕೆ ಆಗುತ್ತಾ? ಸೋಫಾ ಸರಿಸಿ, ಟೀಪಾಯಿ ಎತ್ತಿ ಶುರುಮಾಡಬೇಕು ಅಂತಾದರೆ, ದಣಿದು ಬಂದ ದಿನ ವ್ಯಾಯಾಮ ತಪ್ಪಿಹೋಗುತ್ತದೆ.

ಟೇಪು ಹಿಡಿದು ಅಳೆಯಿರಿ

ಯೋಗ ಮ್ಯಾಟ್ ಸುಮಾರು 6 ಅಡಿ ಉದ್ದ, 2 ಅಡಿ ಅಗಲ ಇರುತ್ತದೆ. ಕೈಕಾಲು ಆಡಿಸಲು ಅದರ ಸುತ್ತ ಸ್ವಲ್ಪ ಸೇರಿಸಿ, 7 ಅಡಿ ಉದ್ದ, 5 ಅಡಿ ಅಗಲ ಸಿಕ್ಕರೆ ಸಾಕು. ಮಂಚದ ಪಕ್ಕದಲ್ಲೋ ಹಾಲ್‌ನ ಒಂದು ಮೂಲೆಯಲ್ಲೋ ಇಷ್ಟು ಸಿಗುತ್ತದೆ. ಅಲ್ಲಿ ಅಂಗಾತ ಮಲಗಿ ಕೈ ಚಾಚಿ ನೋಡಿ. ಎದ್ದು ನಿಂತು ಕೈ ಮೇಲೆತ್ತಿ ನೋಡಿ. ನೆತ್ತಿಯ ಮೇಲೆ ಫ್ಯಾನ್ ಇದ್ದರೆ ಆ ಜಾಗ ಬೇಡ. ಕೈಯಲ್ಲಿ ಡಂಬೆಲ್ ಇದ್ದಾಗ ಇನ್ನಷ್ಟು ಎತ್ತರ ಬೇಕಾಗುತ್ತದೆ. ಕಿಟಕಿಯ ಹತ್ತಿರ ಸಿಕ್ಕರೆ ಇನ್ನೂ ಒಳ್ಳೆಯದು, ಗಾಳಿ ಆಡುತ್ತದೆ.

ಕೆಳಗಿನ ಮನೆಯವರ ನಿದ್ದೆ

ಅಪಾರ್ಟ್‌ಮೆಂಟಿನ ದೊಡ್ಡ ಸಮಸ್ಯೆ ಜಾಗಕ್ಕಿಂತ ಸದ್ದು. ನಾವು ಮಾತಾಡುವ ಸದ್ದನ್ನು ಗೋಡೆ ಸುಮಾರಾಗಿ ತಡೆಯುತ್ತದೆ. ಆದರೆ ನೆಲಕ್ಕೆ ಬಿದ್ದ ಪೆಟ್ಟು ಕಾಂಕ್ರೀಟಿನಲ್ಲೇ ಹರಿದು ಕೆಳಗಿನ ಮನೆಗೆ ಹೋಗುತ್ತದೆ. ತೆಳ್ಳಗಿನ ಯೋಗ ಮ್ಯಾಟ್ ಅದನ್ನು ತಡೆಯುವುದಿಲ್ಲ. ಡಂಬೆಲ್ ಇಡುವ ಕಡೆ 10ರಿಂದ 20 ಮಿಲಿಮೀಟರ್ ದಪ್ಪದ ರಬ್ಬರ್ ಹಾಳೆ ಹಾಕಿ, ಟೈಲ್ಸ್ ಕೂಡ ಉಳಿಯುತ್ತದೆ. ಅದು ಸದ್ದನ್ನು ಕಮ್ಮಿ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಹಾಗಾಗಿ ಎಗರುವ ವ್ಯಾಯಾಮಗಳನ್ನೇ ಬಿಡುವುದು ಮೇಲು. ಸ್ಕಿಪ್ಪಿಂಗ್ ಅನ್ನು ಹೊರಗೆಲ್ಲಾದರೂ ಮಾಡಿ. ಒಳಗೆ ಉಸಿರು ಏರಬೇಕು ಅಂದರೆ ಮೊಣಕಾಲು ಎತ್ತಿ ನಿಂತಲ್ಲೇ ನಡೆಯಿರಿ, ಗಾಳಿಯಲ್ಲಿ ಗುದ್ದುವ ಬಾಕ್ಸಿಂಗ್ ಮಾಡಿ, ಗಟ್ಟಿಯಾದ ತಗ್ಗು ಮೆಟ್ಟಿಲು ಹತ್ತಿ ಇಳಿಯಿರಿ. ಹತ್ತು ನಿಮಿಷಕ್ಕೆ ಬೆವರು ಬರುತ್ತದೆ.

ಏನು ಕೊಳ್ಳಬೇಕು

ಮೈಯ ಕೆಲಸವನ್ನು ಐದು ಬಗೆ ಮಾಡಿಕೊಳ್ಳಿ: ಕೂತು ಏಳುವುದು, ಸೊಂಟದಿಂದ ಬಾಗಿ ಎತ್ತುವುದು, ತಳ್ಳುವುದು, ಎಳೆಯುವುದು, ಭಾರ ಹೊರುವುದು. ಬಸ್ಕಿಗೆ ಏನೂ ಬೇಡ. ತಳ್ಳುವುದಕ್ಕೆ ಪುಷ್‌ಅಪ್ ಇದೆ. ನೆಲದ ಮೇಲೆ ಆಗದಿದ್ದರೆ ಗೋಡೆಗೆ ಕೈಕೊಟ್ಟು ಶುರುಮಾಡಿ, ಆಮೇಲೆ ಅಲ್ಲಾಡದ ಮೇಜಿನ ಅಂಚು, ಆಮೇಲೆ ನೆಲ. ಭಾರಕ್ಕೆ ನೀರು ತುಂಬಿದ ಬಾಟಲಿಗಳನ್ನು ಬ್ಯಾಗಿಗೆ ಹಾಕಿದರೂ ನಡೆಯುತ್ತದೆ. 1 ಲೀಟರ್ ನೀರು ಅಂದರೆ 1 ಕೆಜಿ, ಲೆಕ್ಕ ಸುಲಭ.

ಮನೆಯಲ್ಲಿ ತಪ್ಪಿಹೋಗುವುದು ಎಳೆಯುವ ವ್ಯಾಯಾಮ. ಬರೀ ಪುಷ್‌ಅಪ್ ಹೊಡೆಯುವವರಿಗೆ ಎದೆ, ಭುಜದ ಮುಂಭಾಗಕ್ಕೆ ಕೆಲಸ ಸಿಗುತ್ತದೆ, ಬೆನ್ನಿಗೆ ಸಿಗುವುದಿಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಬಾಗಿ ಕೂರುವವರಿಗಂತೂ ಬೆನ್ನಿನ ಕೆಲಸ ಬೇಕೇ ಬೇಕು. ಅದಕ್ಕೇ ನನ್ನ ಮಟ್ಟಿಗೆ ಮೊದಲು ಕೊಳ್ಳಬೇಕಾದದ್ದು ರೆಸಿಸ್ಟೆನ್ಸ್ ಬ್ಯಾಂಡ್, ಅಂದರೆ ವ್ಯಾಯಾಮಕ್ಕೆ ಎಳೆಯುವ ರಬ್ಬರ್ ಪಟ್ಟಿ. ಡ್ರಾಯರಿನಲ್ಲಿ ಹಿಡಿಯುತ್ತದೆ, ಸದ್ದಿಲ್ಲ, ಎಳೆದಷ್ಟೂ ಬಿಗಿಯಾಗುತ್ತದೆ. ಬೇರೆ ಬೇರೆ ಬಿಗುವಿನ ಮೂರು ಇರಲಿ.

ಬ್ಯಾಂಡನ್ನು ಬಾಗಿಲಿಗೆ ಸಿಕ್ಕಿಸುವಾಗ ಹುಷಾರು. ಬಾಗಿಲು ನಿಮ್ಮಿಂದ ಆಚೆಗೆ ತೆರೆಯುವ ಬದಿಯಲ್ಲಿ ನಿಲ್ಲಿ. ಆಗ ನೀವು ಎಳೆದಷ್ಟೂ ಬಾಗಿಲು ಚೌಕಟ್ಟಿಗೆ ಒತ್ತಿಕೊಳ್ಳುತ್ತದೆ. ಇನ್ನೊಂದು ಬದಿಯಲ್ಲಿ ನಿಂತರೆ ಬಾಗಿಲು ಮುಖಕ್ಕೇ ಬರಬಹುದು. ಚಿಲಕ ಹಾಕಿ, ಮನೆಯವರಿಗೆ ಹೇಳಿಟ್ಟು ಶುರುಮಾಡಿ. ಚೌಕಟ್ಟಿಗೆ ಸಿಕ್ಕಿಸುವ ಪುಲ್‌ಅಪ್ ಬಾರ್ ತರುವ ಯೋಚನೆ ಇದ್ದರೆ ಚೌಕಟ್ಟಿನ ಅಗಲ, ಗಟ್ಟಿತನ ಎರಡನ್ನೂ ನೋಡಿ. ಅಲ್ಲಾಡುವ ಚೌಕಟ್ಟಿಗೆ ಮೈಭಾರ ಬಿಡಬೇಡಿ. ಬಾಡಿಗೆ ಮನೆಯಾದರೆ ಗೋಡೆ ಕೊರೆಯುವ ಮುಂಚೆ ಮಾಲೀಕರನ್ನು ಕೇಳಿ.

ಎರಡನೆಯದು ಡಂಬೆಲ್. ಬೇಕಾದಷ್ಟು ಭಾರ ಕೂಡಿಸಿ ಕಳೆಯಬಹುದಾದ ಒಂದು ಜೋಡಿ ಇದ್ದರೆ, ಸಾಲಾಗಿ ಹಲವು ಜೋಡಿ ಇಡುವ ಜಾಗ ಉಳಿಯುತ್ತದೆ. ಒಂದೇ ತೂಕದ್ದು ಕೊಳ್ಳುವುದಾದರೆ ಆರು ಮೂಲೆಯದು ತನ್ನಿ, ಉರುಳುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಭಾರದ ಸಾಮಾನು ನೆಲದ ಮಟ್ಟದಲ್ಲಿ, ಬಾಗಿಲು ಮುಚ್ಚುವ ಕಪಾಟಿನಲ್ಲಿರಲಿ. ಎತ್ತರದ ಶೆಲ್ಫ್ ಖಂಡಿತ ಬೇಡ.

ಟ್ರೆಡ್‌ಮಿಲ್ ಬಗ್ಗೆ ಕೇಳುವವರು ಜಾಸ್ತಿ. ಮಡಿಚುವಂಥದ್ದಾದರೂ ಬಳಸುವಾಗ ಹಿಂದೆ ಸುಮಾರು 2 ಮೀಟರ್, ಎರಡೂ ಪಕ್ಕ ಅರ್ಧ ಮೀಟರ್ ಖಾಲಿ ಬಿಡಬೇಕು. ಜಾರಿದರೆ ಹಿಂದಕ್ಕೇ ಬೀಳುವುದಲ್ವಾ? ಅಷ್ಟು ಜಾಗ ಚಿಕ್ಕ ಫ್ಲ್ಯಾಟಿನಲ್ಲಿ ಸಿಗುವುದು ಕಷ್ಟ. ಹೊರಗೆ ನಡೆಯಿರಿ.

ವಾರದ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕು, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ. ಈ ಎರಡನೆಯದಕ್ಕೇ ನಿಮ್ಮ ಮೂಲೆ. ಐದು ನಿಮಿಷ ಮೈ ಬೆಚ್ಚಗೆ ಮಾಡಿಕೊಂಡು ಬಸ್ಕಿ, ಪುಷ್‌ಅಪ್, ಬ್ಯಾಂಡ್ ಎಳೆತ, ಡಂಬೆಲ್ ಹಿಡಿದು ಬಾಗಿ ಏಳುವುದು, ಹೀಗೆ ಒಂದರ ಹಿಂದೆ ಒಂದು ಮೂರು ಸುತ್ತು ಮಾಡಿ. ಪ್ರತಿಯೊಂದೂ 8ರಿಂದ 12 ಸಲ. ಅರ್ಧ ಗಂಟೆ ಸಾಕಾಗುತ್ತದೆ. 12 ಸುಲಭವಾದ ಮೇಲೆ ಭಾರ ಏರಿಸಿ. ಭಾರ ಮುಗಿದುಹೋದರೆ ಕೆಳಗಿಳಿಯುವಾಗ ನಾಲ್ಕು ಎಣಿಸುವಷ್ಟು ನಿಧಾನ ಮಾಡಿ, ಅದೇ ಡಂಬೆಲ್ ಭಾರ ಅನ್ನಿಸುತ್ತದೆ. ಹೃದಯದ ತೊಂದರೆ, ಮಂಡಿ ನೋವು, ಬೆನ್ನು ನೋವು ಇದ್ದವರು ಮೊದಲು ವೈದ್ಯರನ್ನು ಕೇಳಿ.

ದೊಡ್ಡ ಕನ್ನಡಿ ಬೇಕಿಲ್ಲ. ಫೋನನ್ನು ಪಕ್ಕಕ್ಕಿಟ್ಟು ವಿಡಿಯೊ ಮಾಡಿ ನೋಡಿದರೆ ಬೆನ್ನು ಬಾಗಿದ್ದು ಗೊತ್ತಾಗುತ್ತದೆ.

ಮುಗಿದ ಮೇಲೆ ಮ್ಯಾಟ್ ಒರೆಸಿ ಒಣಗಿಸಿ, ಸುತ್ತಿ ಕಣ್ಣಿಗೆ ಕಾಣುವ ಕಡೆ ನಿಲ್ಲಿಸಿ. ಬ್ಯಾಂಡ್‌ಗಳನ್ನು ಬಿಸಿಲಿಗೆ ಇಡಬೇಡಿ, ರಬ್ಬರ್ ಬೇಗ ಹಾಳಾಗುತ್ತದೆ. ಪ್ರತಿ ಸಲ ಬಳಸುವ ಮುಂಚೆ ಸ್ವಲ್ಪ ಎಳೆದು ನೋಡಿ. ಸಣ್ಣ ಬಿರುಕು ಕಂಡರೂ ಎಸೆದು ಹೊಸದು ತನ್ನಿ.